ಪೇರಿಸಲೆಂದು ಮಾಡಿದ್ದಲ್ಲ

ಹಳೆಯ ವಾಲ್ವ್ ರೇಡಿಯೊಗಳನ್ನು ಕೂಡಿಡುವವರ ಮನೆಗಳಲ್ಲಿ ಒಂದು ನೋಟ ಸಾಮಾನ್ಯ. ತಳದಲ್ಲಿ ಮಿಲಿಟರಿ ಬಣ್ಣದ ದೊಡ್ಡ ರಿಸೀವರ್, ಅದರ ಮೇಲೆ ಮರ್ಫಿ, ಮರ್ಫಿಯ ಮೇಲೆ ಫಿಲಿಪ್ಸ್, ಎಲ್ಲಕ್ಕೂ ಮೇಲೆ ಪೆಟ್ಟಿಗೆ ಕಳೆದುಕೊಂಡ ಯಾವುದೋ ಚಾಸಿಸ್. ಜಾಗ ಸಾಲದೆ ಹೀಗೆ ಪೇರಿಸಿದ್ದೇವೆ ಎನ್ನುತ್ತಾರೆ. ನೋಡುವವರಿಗೂ ಅದು ಸಹಜವೆನಿಸುತ್ತದೆ, ರೇಡಿಯೊ ಸಾಮಾನು ಎಂದರೆ ಹೀಗೆಯೇ ಒಂದರ ಮೇಲೊಂದು ನಿಲ್ಲತಕ್ಕದ್ದು ಎಂಬಂತೆ. ಆದರೆ ಆ ಯಂತ್ರಗಳ ಇತಿಹಾಸ ಬೇರೆಯದನ್ನು ಹೇಳುತ್ತದೆ. ಭಾರವಾದ ರೇಡಿಯೊಗಳು ಬಾಳಿದ್ದು ಎರಡು ಬಗೆಯ ತಾಣಗಳಲ್ಲಿ. ಒಂದು ಮನೆಯ ಪಡಸಾಲೆ. ಅಲ್ಲಿ ಅದು ಒಂಟಿಯಾಗಿ ನಿಂತಿತ್ತು. ಇನ್ನೊಂದು ದೂರವಾಣಿ ಕಚೇರಿ, ಪ್ರಸಾರ ಕೇಂದ್ರ, ಸೇನೆಯ ಗಾಡಿ. ಅಲ್ಲಿ ಒಂದರ ಮೇಲೊಂದು ಇದ್ದದ್ದು ನಿಜ, ಆದರೆ ಯಾವ ಯಂತ್ರವೂ ಇನ್ನೊಂದರ ಭಾರವನ್ನು ಹೊರುತ್ತಿರಲಿಲ್ಲ, ಹೊರುತ್ತಿದ್ದದ್ದು ಕಬ್ಬಿಣದ ಚೌಕಟ್ಟು. ಇಂದಿನ ಮನೆಗಳಲ್ಲಿ ಕಾಣುವ ರಾಶಿ ಈ ಎರಡೂ ಸಂಪ್ರದಾಯಗಳಿಗೆ ಸೇರಿದ್ದಲ್ಲ. ಎರಡನೆಯದರ ಆಕಾರವನ್ನು ತೆಗೆದುಕೊಂಡು, ಅದರ ಆಧಾರವನ್ನು ಬಿಟ್ಟುಬಂದದ್ದು ಅದು.

ಮೊದಲು ಭಾರದ ಮಾತು. ರೇಡಿಯೊ ಹುಟ್ಟುವಾಗಲೇ ಭಾರವಾಗಿರಲಿಲ್ಲ. 1920ರ ದಶಕದ ಮೊದಲ ವರ್ಷಗಳ ಸೆಟ್ಟುಗಳಲ್ಲಿ ಇದ್ದದ್ದು ಕೆಲವು ವಾಲ್ವು, ಕೆಲವು ಕಾಯಿಲು, ಒಂದು ಎಬೊನೈಟ್ ಹಲಗೆ. ಭಾರವೆಲ್ಲ ಹೊರಗಡೆ, ಬ್ಯಾಟರಿಗಳಲ್ಲಿತ್ತು. ಫಿಲಮೆಂಟಿಗೆ ಆಮ್ಲ ತುಂಬಿದ ಸೀಸದ ಅಕ್ಯುಮುಲೇಟರ್, ಪ್ಲೇಟಿಗೆ ನೂರು ವೋಲ್ಟಿನ ಆಸುಪಾಸಿನ ಒಣ ಬ್ಯಾಟರಿಗಳ ಸಾಲು. ಅವನ್ನು ಮೇಜಿನ ಕೆಳಗೆ ನೆಲದ ಮೇಲೆ ಇಡುತ್ತಿದ್ದರು. ಆಮ್ಲ ಚೆಲ್ಲಿ ಹಾಸು ಸುಡುವುದು ಆ ಕಾಲದ ದೊಡ್ಡ ದೂರು. ಹೀಗೆ ಭಾರವಾದದ್ದು ನೆಲದಲ್ಲಿ, ಹಗುರವಾದದ್ದು ಮೇಜಿನ ಮೇಲೆ ಎಂಬ ವ್ಯವಸ್ಥೆ ಯಾರೂ ಹೇಳಿಕೊಡದೆ ತಾನಾಗಿ ಏರ್ಪಟ್ಟಿತ್ತು. 1927ರಲ್ಲಿ ಅಮೆರಿಕದ ಆರ್‌ಸಿಎ ಕಂಪನಿಯ ರೇಡಿಯೋಲಾ 17ರಂಥ ಸೆಟ್ಟುಗಳು ಗೋಡೆಯ ವಿದ್ಯುತ್ತಿನಿಂದಲೇ ನಡೆಯತೊಡಗಿದಾಗ ಈ ವ್ಯವಸ್ಥೆ ಮುರಿಯಿತು. ಬ್ಯಾಟರಿ ಹೋಯಿತು, ಅದರ ಕೆಲಸ ಮಾಡಲು ಕಬ್ಬಿಣದ ತಗಡುಗಳ ಟ್ರಾನ್ಸ್‌ಫಾರ್ಮರ್ ಮತ್ತು ಚೋಕು ಪೆಟ್ಟಿಗೆಯೊಳಗೆ ಬಂದವು. ಸ್ಪೀಕರಿನ ಅಯಸ್ಕಾಂತವೂ ಆಗ ತಾಮ್ರದ ತಂತಿಯ ದೊಡ್ಡ ಸುರುಳಿಯೇ. ಅಲ್ನಿಕೊ ಎಂಬ ಮಿಶ್ರಲೋಹದ ಕಾಯಂ ಅಯಸ್ಕಾಂತ ಅಗ್ಗವಾಗುವವರೆಗೆ ಅದೂ ತನ್ನ ಪಾಲಿನ ಭಾರ ಸೇರಿಸಿತು. ನೆಲದಲ್ಲಿದ್ದ ಭಾರ ಮೇಜಿಗೆ ಏರಿತು, ಅಲ್ಲಿಯೂ ಸಮವಾಗಿ ಹರಡಲಿಲ್ಲ. ಟ್ರಾನ್ಸ್‌ಫಾರ್ಮರನ್ನು ಚಾಸಿಸ್ಸಿನ ಹಿಂಬದಿಯ ಒಂದು ಮೂಲೆಗೆ ಸರಿಸಿ ಕೂಡಿಸುವುದು ಸಾಮಾನ್ಯ ಪದ್ಧತಿಯಾಯಿತು, ಏಕೆಂದರೆ ಅದರ ಗುಂಯ್ ಶಬ್ದ ಉಳಿದ ಭಾಗಗಳಿಗೆ ತಾಕಬಾರದು. ಆದ್ದರಿಂದ ಹಳೆಯ ಸೆಟ್ಟನ್ನು ಎರಡೂ ಕೈಯಲ್ಲಿ ಸಮವಾಗಿ ಹಿಡಿದೆತ್ತಿದರೆ ಅದು ಒಂದು ಕಡೆಗೆ ವಾಲುತ್ತದೆ.

ಈ ಕಬ್ಬಿಣದ ಪ್ರಮಾಣ ಊರಿನ ವಿದ್ಯುತ್ತಿಗೆ ತಕ್ಕಂತೆ ಬದಲಾಗುತ್ತಿತ್ತು ಎಂಬುದು ಮೈಸೂರು ಸೀಮೆಯವರಿಗೆ ವಿಶೇಷ ಆಸಕ್ತಿಯ ಸಂಗತಿ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಹರಿದ, 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿಸಿದ ವಿದ್ಯುತ್ತು ಹುಟ್ಟುತ್ತಿದ್ದದ್ದು ಸೆಕೆಂಡಿಗೆ 25 ಸೈಕಲ್ಲಿನ ಲೆಕ್ಕದಲ್ಲಿ. ಇಂದಿನ 50 ಸೈಕಲ್ಲಿನ ಅರ್ಧ. ಸೈಕಲ್ಲು ಅರ್ಧವಾದರೆ ಅಷ್ಟೇ ಕೆಲಸಕ್ಕೆ ಟ್ರಾನ್ಸ್‌ಫಾರ್ಮರಿನಲ್ಲಿ ಹತ್ತಿರಹತ್ತಿರ ಎರಡರಷ್ಟು ಕಬ್ಬಿಣ ಬೇಕು. 50 ಸೈಕಲ್ಲಿಗೆಂದೇ ಮಾಡಿದ ಸೆಟ್ಟನ್ನು 25ರ ವಿದ್ಯುತ್ತಿಗೆ ಸಿಕ್ಕಿಸಿದರೆ ಟ್ರಾನ್ಸ್‌ಫಾರ್ಮರ್ ಕಾದು ಸುಟ್ಟುಹೋಗುತ್ತಿತ್ತು. ಕೊಳ್ಳುವವರು ಬೀಟೆಯ ಹೊಳಪನ್ನಷ್ಟೇ ಅಲ್ಲ, ಹಿಂಬದಿಯ ತಗಡಿನಲ್ಲಿ ಬರೆದ ಸೈಕಲ್ಲಿನ ಅಂಕಿಯನ್ನೂ ನೋಡಬೇಕಿತ್ತು.

ಇಂಥ ಪೆಟ್ಟಿಗೆಗೆ ಮನೆ ಎಲ್ಲಿ ಜಾಗ ಕೊಟ್ಟಿತು? ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿ 1935ರ ಸೆಪ್ಟೆಂಬರಿನಲ್ಲಿ ಮೈಸೂರಿನ ತಮ್ಮ ಮನೆ ವಿಠ್ಠಲ ವಿಹಾರದಲ್ಲಿ 30 ವ್ಯಾಟಿನ ಟ್ರಾನ್ಸ್‌ಮಿಟರ್ ಇಟ್ಟು ಪ್ರಸಾರ ಶುರುಮಾಡಿದರು; ಆಕಾಶವಾಣಿ ಎಂಬ ಹೆಸರು ಚಾಲ್ತಿಗೆ ಬಂದದ್ದು ಅಲ್ಲಿಂದಲೇ. ಅದನ್ನು ಕೇಳುವ ಮನೆಗಳಲ್ಲಿ ರೇಡಿಯೊದ ಜಾಗವನ್ನು ಗೊತ್ತುಮಾಡಿದವು ಮೂರು ಸಂಗತಿಗಳು: ಕಿಟಕಿಯಿಂದ ಅಥವಾ ಗೋಡೆಯಿಂದ ಗೋಡೆಗೆ ಬಿಗಿದ ತಾಮ್ರದ ಜಾಲರಿ ಪಟ್ಟಿಯಿಂದ ಇಳಿದು ಬರುವ ಏರಿಯಲ್ ತಂತಿ, ನೆಲಕ್ಕೆ ಹೋಗುವ ಅರ್ತ್ ತಂತಿ, ಮತ್ತು ಭಾರ ತಾಳುವ ಗಟ್ಟಿ ಸ್ಟ್ಯಾಂಡು. ಅಡುಗೆಮನೆಯ ಹೊಗೆ, ಬಚ್ಚಲಿನ ತೇವ ಎರಡರಿಂದಲೂ ದೂರ. ಒಂದು ಮನೆಗೆ ಒಂದು ರೇಡಿಯೊ, ಅದಕ್ಕೊಂದು ಲೈಸೆನ್ಸು, ಅಂಚೆ ಕಚೇರಿಯಲ್ಲಿ ವರ್ಷ ವರ್ಷ ಹಣ ಕಟ್ಟಿ ನವೀಕರಿಸುವ ಪುಸ್ತಕ; ಎರಡನೆಯ ಸೆಟ್ಟನ್ನು ಅದರ ಮೇಲೆ ಕೂರಿಸುವ ಪ್ರಶ್ನೆಯೇ ಏಳುತ್ತಿರಲಿಲ್ಲ. ತಯಾರಕರಿಗೂ ಅಂಥ ಯೋಚನೆ ಇರಲಿಲ್ಲ ಎಂಬುದಕ್ಕೆ ಪೆಟ್ಟಿಗೆಗಳ ಆಕಾರವೇ ಸಾಕ್ಷಿ. 1931ರ ಫಿಲ್ಕೊ 90ರ ನೆತ್ತಿ ಇಗರ್ಜಿಯ ಕಮಾನಿನಂತೆ ಬಾಗಿದೆ. ವೆಲ್ಸ್ ಕೋಟ್ಸ್ ಎಂಬ ವಾಸ್ತುಶಿಲ್ಪಿ ರೂಪಿಸಿದ, 1934ರ ಇಂಗ್ಲೆಂಡಿನ ಎಕ್ಕೊ ಎಡಿ65 ಪೂರ್ತಿ ದುಂಡು. ಇವುಗಳ ಮೇಲೆ ಏನಿಟ್ಟರೂ ಜಾರುತ್ತದೆ. ನೆತ್ತಿ ಚಪ್ಪಟೆಯಾಗಿದ್ದ ಸೆಟ್ಟುಗಳ ಮೇಲೆ ನಮ್ಮವರು ಕ್ರೋಶ ಹಾಕಿದ ಬಟ್ಟೆ ಹೊದಿಸಿ ಗಣಪತಿಯನ್ನೋ ಮದುವೆಯ ಫೋಟೊವನ್ನೋ ಇಟ್ಟರು. ಅದು ಗೌರವವೇ, ಆದರೆ ಒಳಗಿನ ವಾಲ್ವುಗಳಿಗೆ ಆ ಬಟ್ಟೆಯಿಂದಲೂ ಹಿತವಿರಲಿಲ್ಲ. ಐದಾರು ವಾಲ್ವಿನ ಮಾಮೂಲಿ ಮೇಜಿನ ಸೆಟ್ಟು 40ರಿಂದ 60 ವ್ಯಾಟು ನುಂಗಿ ಅದರಲ್ಲಿ ಬಹುಪಾಲನ್ನು ಬಿಸಿಯಾಗಿ ಹೊರಹಾಕುತ್ತದೆ. ಹಿಂಬದಿಯ ರಟ್ಟಿನಲ್ಲಿ ತೂತುಗಳ ಸಾಲು ಇರುವುದು ಆ ಬಿಸಿಗಾಗಿಯೇ, ಅಲಂಕಾರಕ್ಕಲ್ಲ.

ಇನ್ನೊಂದು ವಂಶ ಬೇರೆ ಕಡೆಯಿಂದ ಬಂತು. ರೈಲ್ವೆ ಸಿಗ್ನಲ್ಲಿನ ಮತ್ತು ದೂರವಾಣಿ ಕಚೇರಿಯ ರಿಲೇಗಳನ್ನು ಕೂಡಿಸಲು ಕಬ್ಬಿಣದ ಎರಡು ಕಂಬಗಳ ಚೌಕಟ್ಟು ಬಳಕೆಯಲ್ಲಿತ್ತು. 1920ರ ದಶಕದ ಆರಂಭದಲ್ಲಿ ಅಮೆರಿಕದ ದೂರವಾಣಿ ಕಂಪನಿ ಎಟಿ ಅಂಡ್ ಟಿ ಅದರ ಅಳತೆಯನ್ನು ನಿಗದಿ ಮಾಡಿತು: ಮುಂಫಲಕದ ಅಗಲ 19 ಅಂಗುಲ, ಎತ್ತರ ಒಂದೂಮುಕ್ಕಾಲು ಅಂಗುಲದ ಗುಣಕದಲ್ಲಿ. ನೂರು ವರ್ಷ ಕಳೆದರೂ ಇಂದಿನ ಕಂಪ್ಯೂಟರ್ ಸರ್ವರುಗಳು ಅದೇ ಅಳತೆಯ ರ‍್ಯಾಕಿನಲ್ಲಿ ಕೂಡುತ್ತವೆ. ಆ ಚೌಕಟ್ಟನ್ನು ನೆಲಕ್ಕೆ ಬೋಲ್ಟು ಹಾಕಿ ಬಿಗಿದು, ನೆತ್ತಿಯನ್ನು ಮೇಲಿನ ತೊಲೆಗೆ ಕಟ್ಟುತ್ತಿದ್ದರು. ಪ್ರತಿಯೊಂದು ಯಂತ್ರವೂ ತನ್ನ ಭಾರವನ್ನು ನೇರವಾಗಿ ಕಂಬಕ್ಕೆ ಒಪ್ಪಿಸುತ್ತಿತ್ತು. ಕೆಳಗಿನದನ್ನು ಕಳಚಿ ದುರಸ್ತಿಗೆ ಒಯ್ದರೂ ಮೇಲಿನದು ಅಲ್ಲಾಡುತ್ತಿರಲಿಲ್ಲ. 1930ರ ದಶಕದ ಹವ್ಯಾಸಿ ರೇಡಿಯೊದವರು ಇದನ್ನು ಕಂಡು ತಮ್ಮ ಟ್ರಾನ್ಸ್‌ಮಿಟರುಗಳನ್ನೂ ಹೀಗೆಯೇ ಕಟ್ಟಿಕೊಂಡರು. ಅವರ ಕ್ರಮವೂ ಗಮನಿಸತಕ್ಕದ್ದು: ಟ್ರಾನ್ಸ್‌ಫಾರ್ಮರುಗಳಿರುವ ಪವರ್ ಸಪ್ಲೈ ತಳದಲ್ಲಿ, ಅದರ ಮೇಲೆ ಮಾಡ್ಯುಲೇಟರ್, ಆಮೇಲೆ ರೇಡಿಯೊ ಆವರ್ತನದ ಭಾಗ, ಏರಿಯಲ್ ಹೊಂದಿಸುವ ಹಗುರವಾದ ಕಾಯಿಲು ಎಲ್ಲಕ್ಕೂ ಮೇಲೆ. ಹವ್ಯಾಸಿಗಳ ಹಳೆಯ ಫೋಟೊಗಳನ್ನು ತೋರಿಸಿ ಅವರೂ ಪೇರಿಸುತ್ತಿದ್ದರಲ್ಲ ಎನ್ನುವವರು ಫೋಟೊದ ಎರಡು ಅಂಚುಗಳನ್ನು ನೋಡಬೇಕು. ಸಾಲಾಗಿ ತೂತು ಕೊರೆದ ಕಂಬಗಳು ಅಲ್ಲಿ ಕಾಣುತ್ತವೆ.

ಎರಡನೆಯ ಮಹಾಯುದ್ಧ ಈ ಯಂತ್ರಗಳನ್ನು ಇನ್ನಷ್ಟು ತೂಕದವನ್ನಾಗಿ ಮಾಡಿತು. ಆರ್‌ಸಿಎ ತಯಾರಿಸಿದ, ಬ್ರಿಟಿಷರು ಶತ್ರುಗಳ ಸಂದೇಶ ಕದ್ದು ಕೇಳಲು ಬಳಸಿದ ಎಆರ್-88 ರಿಸೀವರಿನ ತೂಕ ಸುಮಾರು 45 ಕಿಲೋ. ಹ್ಯಾಲಿಕ್ರಾಫ್ಟರ್ಸ್ ಕಂಪನಿಯ ಎಸ್‌ಎಕ್ಸ್-28 ಸುಮಾರು 34 ಕಿಲೋ. ಅದೇ ಕಂಪನಿಯ ಹವ್ಯಾಸಿ ಟ್ರಾನ್ಸ್‌ಮಿಟರು ಸೇನೆಗೆ ಸೇರಿ ಬಿಸಿ-610 ಎಂಬ ಹೆಸರು ಪಡೆಯಿತು. ಅದರ ತೂಕ 180 ಕಿಲೋದ ಆಸುಪಾಸು, ಲಾರಿಯ ಒಡಲಿಗೆ ಬೋಲ್ಟು ಹಾಕಿ ಒಯ್ಯುತ್ತಿದ್ದರು. ಯುದ್ಧದ ನಂತರ, 1950ರ ದಶಕದಲ್ಲಿ ಅಮೆರಿಕದ ಸೇನೆಗೆ ಬಂದ ಆರ್-390ಎ, 26 ವಾಲ್ವುಗಳ ಅದ್ಭುತ, ಸುಮಾರು 38 ಕಿಲೋ. ಗಾಡಿಯಲ್ಲೋ ವಿಮಾನದಲ್ಲೋ ಒಯ್ಯುವ ಸೆಟ್ಟುಗಳಿಗೆ ಸೇನೆ ಆಧಾರವನ್ನೂ ಕೂಡಿಯೇ ಕೊಡುತ್ತಿತ್ತು. ಬ್ರಿಟಿಷ್ ಟ್ಯಾಂಕುಗಳ 19ನೇ ನಂಬರಿನ ವೈರ್‌ಲೆಸ್ ಸೆಟ್ಟಿಗೆ ಪವರ್ ಸಪ್ಲೈಯನ್ನೂ ಸೆಟ್ಟನ್ನೂ ಒಟ್ಟಿಗೆ ಹಿಡಿಯುವ ಕಬ್ಬಿಣದ ತೊಟ್ಟಿಲು; ವಿಮಾನದ ಬಿಸಿ-348 ರಿಸೀವರಿಗೆ ರಬ್ಬರಿನ ಮೇಲೆ ತೇಲುವ ಎಫ್‌ಟಿ-154 ಎಂಬ ಪೀಠ.

ಈ ಬಿಸಿ-348ರ ಕಥೆಗೆ ಬೆಂಗಳೂರಿನ ನಂಟೂ ಇದೆ. 1940ರಲ್ಲಿ ಶುರುವಾದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ 1943ರಲ್ಲಿ ಅಮೆರಿಕದ ವಾಯುಪಡೆಯ 84ನೇ ಏರ್ ಡಿಪೊ ಆಗಿ ಮಾರ್ಪಟ್ಟಿತು. ಬಿ-25ರಂಥ ಬಾಂಬರುಗಳು, ಕ್ಯಾಟಲೀನ ಎಂಬ ನೀರಿಗಿಳಿಯುವ ವಿಮಾನಗಳು ಅಲ್ಲಿ ದುರಸ್ತಿಗೆ ಬರುತ್ತಿದ್ದವು. ಯುದ್ಧ ಮುಗಿದು ಸೇನೆಗಳು ಗಂಟುಮೂಟೆ ಕಟ್ಟಿದಾಗ ದೇಶದ ಉದ್ದಗಲಕ್ಕೂ ಡಿಸ್ಪೋಸಲ್ ಮಾಲು ಹರಿಯಿತು. ಮುಂಬೈಯ ಚೋರ್ ಬಜಾರ್, ಮದರಾಸಿನ ಮೂರ್ ಮಾರ್ಕೆಟ್, ಬೆಂಗಳೂರಿನ ಗುಜರಿ ಬೀದಿಗಳು ಅದರಿಂದ ತುಂಬಿದವು. ಸ್ವಾತಂತ್ರ್ಯಾನಂತರದ ಮೊದಲ ತಲೆಮಾರಿನ ಭಾರತೀಯ ಹ್ಯಾಮ್‌ಗಳು, ಅಂದರೆ ಹವ್ಯಾಸಿ ರೇಡಿಯೊದವರು, ಕೆಲಸ ಕಲಿತದ್ದೇ ಆ ಮಾಲಿನ ಮೇಲೆ. ಆದರೆ ಗುಜರಿಗೆ ಬಂದದ್ದು ಸಾಮಾನ್ಯವಾಗಿ ಯಂತ್ರ ಮಾತ್ರ. ತೊಟ್ಟಿಲು ಟ್ಯಾಂಕಿನಲ್ಲೇ ಉಳಿಯಿತು, ಪೀಠ ವಿಮಾನದ ಜೊತೆ ಕರಗಿತು, ರ‍್ಯಾಕಿನ ಕಂಬಗಳು ಕಬ್ಬಿಣದ ತೂಕಕ್ಕೆ ಮಾರಿಹೋದವು. ಆಧಾರವಿಲ್ಲದೆ ಒಂದು ದಿನವೂ ಕೆಲಸ ಮಾಡದಿದ್ದ ಯಂತ್ರ ಮನೆಗೆ ಬರುವಾಗ ಬರೀ ಪೆಟ್ಟಿಗೆಯಾಗಿತ್ತು. ನನ್ನ ದೃಷ್ಟಿಯಲ್ಲಿ ಇಂದಿನ ರಾಶಿಗಳ ಮೂಲ ಇಲ್ಲಿದೆ.

ಪೂರ್ತಿ ಇಲ್ಲಿಯೇ ಇದೆ ಎನ್ನಲಾಗದು, ನಿಜ. ನಮ್ಮ ಕಣ್ಣನ್ನು ಪಳಗಿಸಿದ ಇನ್ನೊಂದು ಸಾಮಾನು 1970 ಮತ್ತು 80ರ ದಶಕಗಳ ಸ್ಟೀರಿಯೊ. ಆಂಪ್ಲಿಫೈಯರ್, ಟ್ಯೂನರ್, ಕ್ಯಾಸೆಟ್ ಡೆಕ್ಕು, ಎಲ್ಲವೂ ಒಂದೇ ಅಗಲ, ಒಂದರ ಮೇಲೊಂದು ಕೂರಲೆಂದೇ ಮಾಡಿದವು. ಜಪಾನಿನಿಂದ ಹಬ್ಬಿದ ಈ ಗೋಪುರದ ಶೈಲಿ ಸೋನೊಡೈನ್, ಕಾಸ್ಮಿಕ್ ಎಂಬ ಭಾರತೀಯ ಬ್ರಾಂಡುಗಳ ಕಾಲದಲ್ಲಿ ನಮ್ಮ ಮನೆಗಳಿಗೂ ಬಂತು. ಟ್ರಾನ್ಸಿಸ್ಟರ್ ಬಂದು ಭಾರವೂ ಬಿಸಿಯೂ ಇಳಿದಿದ್ದರಿಂದ ಅದು ಸಾಧ್ಯವಾಯಿತು. ವಾಲ್ವಿನ ಕಾಲದ ಒಳ್ಳೆಯ ಸಾಮಾನು ಆ ಹಾದಿ ಹಿಡಿದಿರಲಿಲ್ಲ. 1958ರಲ್ಲಿ ಕಾಲಿನ್ಸ್ ಕಂಪನಿ ಹೊರತಂದ ಎಸ್-ಲೈನ್ ರಿಸೀವರು, ಟ್ರಾನ್ಸ್‌ಮಿಟರುಗಳು ನೋಡಲು ಅವಳಿಗಳಂತಿದ್ದರೂ ಅಕ್ಕಪಕ್ಕ ಕೂರಬೇಕಾದವು. ಮುಂಗಾಲು ಎತ್ತರಿಸಿ ಮುಖವನ್ನು ತುಸು ಮೇಲೆತ್ತಿಕೊಂಡು ಕೂಡುವ ಅವುಗಳನ್ನು ಪೇರಿಸಹೋದರೆ ಮೇಲಿನದು ಹಿಂದಕ್ಕೆ ವಾಲುತ್ತದೆ.

ಪೇರಿಸಬಾರದು ಎಂಬ ಈ ಮಾತಿಗೆ ಆಕ್ಷೇಪಗಳಿವೆ. ಮೊದಲನೆಯದು ಗಟ್ಟಿತನದ್ದು: ಯುದ್ಧದಲ್ಲಿ ಲಾರಿಯ ಕುಲುಕಾಟ, ತೋಪಿನ ಅದುರಾಟ ತಾಳಿದ ಉಕ್ಕಿನ ಪೆಟ್ಟಿಗೆ ಮೇಲೊಂದು ರಿಸೀವರಿನ ಭಾರ ತಾಳದೆ? ಈ ಮಾತಿನಲ್ಲಿ ಹುರುಳಿದೆ. ಎಆರ್-88ರ ಮೇಲೆ ಹಗುರವಾದ ಒಂದು ಸ್ಪೀಕರ್ ಪೆಟ್ಟಿಗೆ ಇಟ್ಟರೆ ಅದಕ್ಕೇನೂ ಆಗದು. ಆದರೆ ಕುಲುಕನ್ನು ತಾಳಿದ್ದು ಪೆಟ್ಟಿಗೆಯಲ್ಲ, ಅದರ ಕೆಳಗಿದ್ದ ರಬ್ಬರಿನ ಪೀಠ. ಹೊರಪೆಟ್ಟಿಗೆಯ ಕೆಲಸ ಧೂಳನ್ನೂ ವಿದ್ಯುತ್ ಗದ್ದಲವನ್ನೂ ತಡೆಯುವುದು. ಭಾರವಾದ ಭಾಗಗಳೆಲ್ಲ ಕೂತಿರುವುದು ಚಾಸಿಸ್ಸಿನ ಮೇಲೆ, ಚಾಸಿಸ್ಸು ನಿಂತಿರುವುದು ತನ್ನ ಕಾಲಿನ ಮೇಲೆ. ನೆತ್ತಿಯ ತಗಡಿನ ನಡುವೆ ನಾಲ್ಕು ರಬ್ಬರಿನ ಬೊಟ್ಟುಗಳಲ್ಲಿ ಮೂವತ್ತು ನಲವತ್ತು ಕಿಲೋ ಇಳಿದರೆ ಅದು ವರ್ಷಗಟ್ಟಲೆ ಸ್ವಲ್ಪ ಸ್ವಲ್ಪವೇ ಬಾಗುತ್ತದೆ. ತೆರೆಯುವ ಮುಚ್ಚಳವಿದ್ದರೆ ಕೀಲು ಮೊದಲು ಸೋಲುತ್ತದೆ. ಮನೆಯ ರೇಡಿಯೊಗಳ ಪಾಡು ಇನ್ನೂ ಕಷ್ಟ. ಅವುಗಳ ಮರದ ಪೆಟ್ಟಿಗೆ ತೆಳು ಹಲಗೆಗಳನ್ನು ಸರೇಸಿನಿಂದ ಅಂಟಿಸಿ ಮಾಡಿದ್ದು. ಮಲೆನಾಡಿನ, ಕರಾವಳಿಯ ಒಂದು ಮಳೆಗಾಲ ಸಾಕು, ಸರೇಸು ತೇವ ಕುಡಿದು ಮೂಲೆಗಳು ಬಿಚ್ಚಿಕೊಳ್ಳಲು. ಆಗ ಮೇಲಿನ ಭಾರವನ್ನು ಹಿಡಿದಿರುವುದು ಅಭ್ಯಾಸಬಲವೊಂದೇ.

ಎರಡನೆಯ ಆಕ್ಷೇಪ: ಇವನ್ನು ಯಾರೂ ಹಚ್ಚುವುದಿಲ್ಲ, ಬಿಸಿಯ ಪ್ರಶ್ನೆಯೇ ಇಲ್ಲ, ಹಾಗಿದ್ದರೆ ಅಟ್ಟದ ಮೇಲೋ ಸಜ್ಜದ ಮೇಲೋ ಪೇರಿಸಿದರೆ ತಪ್ಪೇನು? ಹಳೆಯ ಸಾಮಾನಿಗೆ ಅಟ್ಟ ಎಂಬುದು ನಮ್ಮಲ್ಲಿ ತಲೆತಲಾಂತರದ ರೂಢಿಯಲ್ಲವೆ? ರೂಢಿ ಹೌದು, ಆದರೆ ಅಟ್ಟ ಹೊತ್ತದ್ದು ಹರಡಿ ಇಟ್ಟ ಒಣ ಸಾಮಾನನ್ನು: ಅಡಿಕೆ, ತೆಂಗಿನಕಾಯಿ, ಹಬ್ಬಕ್ಕೊಮ್ಮೆ ಇಳಿಸುವ ಪಾತ್ರೆ. ಇಂದಿನ ಮನೆಗಳ ನೆಲಕ್ಕೆ ಭಾರತೀಯ ಮಾನಕ ಐಎಸ್ 875 ಒಂದು ಚದರ ಮೀಟರಿಗೆ ಸುಮಾರು 200 ಕಿಲೋ ಲೆಕ್ಕ ಹಿಡಿಯುತ್ತದೆ. ಅರ್ಧ ಮೀಟರ್ ಉದ್ದಗಲದ ಜಾಗದಲ್ಲಿ ಮೂರು ಎಆರ್-88 ಪೇರಿಸಿದರೆ 135 ಕಿಲೋ, ಅಂದರೆ ಅಷ್ಟು ಜಾಗಕ್ಕೆ ಹಿಡಿದ ಲೆಕ್ಕದ ಎರಡೂವರೆ ಪಟ್ಟಿಗಿಂತ ಹೆಚ್ಚು. ಕಾಂಕ್ರೀಟಿನ ನೆಲ ಇದನ್ನು ಅಕ್ಕಪಕ್ಕಕ್ಕೆ ಹಂಚಿ ಸಂಭಾಳಿಸೀತು. ತೆಳು ಸಜ್ಜವಾಗಲಿ, ಎರಡು ತುದಿಗಳಲ್ಲಷ್ಟೇ ಕೂತ ಕಡಪಕಲ್ಲಿನ ಹಲಗೆಯಾಗಲಿ ಸಂಭಾಳಿಸುತ್ತದೆಂಬ ನಂಬಿಕೆ ಬೇಡ. ಕಡಪ ಬಾಗಿ ಎಚ್ಚರಿಕೆ ಕೊಡುವ ಕಲ್ಲಲ್ಲ. ಮುರಿಯುವಾಗ ಒಮ್ಮೆಗೇ ಮುರಿಯುತ್ತದೆ. ಹಚ್ಚದೆ ಇಟ್ಟರೆ ಬಿಸಿ ಇಲ್ಲ ಎಂಬುದೂ ಅರ್ಧ ಸತ್ಯ. ತಾರಸಿಯ ಕೆಳಗಿನ ಸಜ್ಜ ಕಲಬುರಗಿಯ ಬೇಸಿಗೆಯಲ್ಲಿ ಎಷ್ಟು ಕಾಯುತ್ತದೆ ಎಂಬುದನ್ನು ಅಲ್ಲಿಯವರಿಗೆ ಹೇಳಬೇಕಿಲ್ಲ. ಮೇಣ ತುಂಬಿದ ಹಳೆಯ ಕೆಪಾಸಿಟರುಗಳು ಅಲ್ಲಿ ಮೆತ್ತಗಾಗುತ್ತವೆ, ರಬ್ಬರಿನ ಹೊದಿಕೆಯ ತಂತಿ ಬಿರಿದು ಪುಡಿಯಾಗುತ್ತದೆ. ಸ್ಪೀಕರಿನ ಕಾಗದ ಇಲಿಗೆ, ಪೆಟ್ಟಿಗೆಯ ಮರ ಗೆದ್ದಲಿಗೆ. ಹಚ್ಚಿದ ರೇಡಿಯೊ ತನ್ನ ಬಿಸಿಯಿಂದಲೇ ತೇವವನ್ನು ಓಡಿಸುತ್ತಿತ್ತು. ಮೂಲೆಗೆ ಬಿದ್ದದ್ದಕ್ಕೆ ಆ ರಕ್ಷಣೆಯೂ ಇಲ್ಲ.

ಮೂರನೆಯದೇ ನಿಜವಾದ ಆಕ್ಷೇಪ, ಅದಕ್ಕೆ ಸುಲಭದ ಉತ್ತರವಿಲ್ಲ. ಬೆಂಗಳೂರಿನ ಎರಡು ಕೋಣೆಯ ಮನೆಯಲ್ಲಿ ಪ್ರತಿ ಸೆಟ್ಟಿಗೂ ಒಂದೊಂದು ಸ್ಟ್ಯಾಂಡು ಎಂದರೆ ಸಂಗ್ರಹವೇ ಇರದು. ಪೇರಿಸಬೇಡಿ ಎನ್ನುವುದು ಗುಜರಿಗೆ ಹಾಕಿ ಎಂದಂತೆ. ಇದನ್ನು ಒಪ್ಪಿಕೊಂಡೇ ಮಾತಾಡಬೇಕು. ಎತ್ತರವನ್ನು ಬಳಸದೆ ಗತಿಯಿಲ್ಲದವರಿಗೆ ದೂರವಾಣಿ ಕಚೇರಿಯವರು ನೂರು ವರ್ಷದ ಹಿಂದೆಯೇ ದಾರಿ ತೋರಿಸಿದ್ದಾರೆ: ಎತ್ತರಕ್ಕೆ ಹೋಗಿ, ಭಾರವನ್ನು ಕಂಬಕ್ಕೆ ಕೊಡಿ. ವೆಲ್ಡಿಂಗ್ ಅಂಗಡಿಯಲ್ಲಿ ಆಂಗಲ್ ಕಬ್ಬಿಣದ ಚೌಕಟ್ಟು ಮಾಡಿಸುವುದು ಒಂದು ಒಳ್ಳೆಯ ರೇಡಿಯೊದ ಬೆಲೆಗಿಂತ ಹೆಚ್ಚಿನ ಖರ್ಚಲ್ಲ. ರ‍್ಯಾಕಿನ ಸೆಟ್ಟುಗಳಿಗೂ ಮುಂಫಲಕದ ನಾಲ್ಕು ಸ್ಕ್ರೂಗಳನ್ನೇ ನೆಚ್ಚದೆ ಅಡಿಯಲ್ಲಿ ಹಳಿಯನ್ನೋ ಹಲಗೆಯನ್ನೋ ಕೊಡಬೇಕು, ಇಲ್ಲವಾದರೆ ಹಿಂಬದಿಯ ಟ್ರಾನ್ಸ್‌ಫಾರ್ಮರ್ ಜಗ್ಗಿ ಫಲಕವೇ ಬಾಗುತ್ತದೆ. ಚೌಕಟ್ಟಿನ ನೆತ್ತಿಯನ್ನು ಗೋಡೆಗೆ ಬಿಗಿಯುವುದನ್ನು ಮರೆಯುವವರೇ ಹೆಚ್ಚು. ತಳದ ಸೆಟ್ಟೊಂದನ್ನು ಮುಂದಕ್ಕೆ ಎಳೆದ ಕ್ಷಣ ಇಡೀ ರ‍್ಯಾಕು ಮುಗ್ಗರಿಸುವುದು ಅಲ್ಲಿಯೇ. ಉಳಿದದ್ದು 1930ರ ದಶಕದ ಹವ್ಯಾಸಿಗಳ ಕ್ರಮ: ಕಬ್ಬಿಣ ಕೆಳಗೆ, ಕಾಯಿಲು ಮೇಲೆ, ನಡುವೆ ಗಾಳಿ. ಮರದ ಪೆಟ್ಟಿಗೆಗಳು ಈ ಚೌಕಟ್ಟಿನಲ್ಲಿ ತಮ್ಮದೇ ಹಲಗೆಯ ಮೇಲೆ ಒಂಟಿಯಾಗಿ ಕೂರಲಿ, ಪಡಸಾಲೆಯಲ್ಲಿ ಕೂರುತ್ತಿದ್ದಂತೆಯೇ.

ಪೇರಿಸಬೇಕಾದರೆ ಎತ್ತಲೂ ಬೇಕು, ಎತ್ತುವ ಭಾರಕ್ಕೂ ಒಂದು ಮಿತಿಯಿದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲಿ ವಯಸ್ಕ ಗಂಡಾಳು ಹೊರುವ ಭಾರಕ್ಕೆ 55 ಕಿಲೋದ ಮೇಲ್ಮಿತಿ ಶಿಫಾರಸು ಮಾಡಿತು. ಎಆರ್-88 ಆ ಮಿತಿಯ ಒಳಗೇ ಇದೆಯಲ್ಲ ಎಂದು ಲೆಕ್ಕ ಹಾಕುವವರು ನೆನಪಿಡಬೇಕಾದದ್ದು, ಅದು ದುಡಿದು ಪಳಗಿದ ಮೈಗಳಿಗೆ ಹೇಳಿದ ಅಂಕಿ, ಅದೂ ಆರಾಮದ ತೂಕವಲ್ಲ, ಕೊನೆಯ ಗಡಿ. ಹವ್ಯಾಸಿಗಳಲ್ಲಿ ಹಲವರು ಈಗ ಅರವತ್ತು ದಾಟಿದವರು, ಎತ್ತುವ ಪೆಟ್ಟಿಗೆ ಒಂದು ಮೂಲೆಗೆ ವಾಲುವಂಥದ್ದು. ಇಬ್ಬರಿಲ್ಲದೆ ಕೈ ಹಾಕಬಾರದು, ಎದೆಯ ಎತ್ತರಕ್ಕಿಂತ ಮೇಲೆ ಭಾರವಾದದ್ದನ್ನು ಇಡಲೇಬಾರದು. ವಾಲ್ವುಗಳನ್ನೂ ಪವರ್ ಸಪ್ಲೈಯನ್ನೂ ಕಳಚಲು ಬರುವಂತಿದ್ದರೆ ಕಳಚಿ ಬೇರೆಯಾಗಿ ಸಾಗಿಸುವುದು ಒಳ್ಳೆಯದು.

ಬಿದ್ದರೆ ಮುರಿಯುವುದು ಕಾಲ್ಬೆರಳು ಮಾತ್ರವಲ್ಲ ಎಂಬುದಕ್ಕೂ ಕಾರಣಗಳಿವೆ. ದೊಡ್ಡ ಟ್ರಾನ್ಸ್‌ಮಿಟರುಗಳ 866 ಎಂಬ ರೆಕ್ಟಿಫೈಯರ್ ವಾಲ್ವಿನೊಳಗೆ ಪಾದರಸವಿದೆ. ಅದನ್ನು ನೆಟ್ಟಗೆ ನಿಲ್ಲಿಸಿಯೇ ಇಡಬೇಕು, ಒಡೆದರೆ ಪೊರಕೆಯಿಂದ ಗುಡಿಸಬಾರದು. ಆ ಕಾಲದ ಎಣ್ಣೆ ತುಂಬಿದ ಕೆಪಾಸಿಟರುಗಳಲ್ಲಿ ಹಲವುಗಳೊಳಗಿನ ಎಣ್ಣೆ ಪಿಸಿಬಿ ಎಂಬ ವಿಷಕಾರಿ ರಾಸಾಯನಿಕ, 1970ರ ದಶಕದಲ್ಲಿ ಅಮೆರಿಕವೇ ನಿಷೇಧಿಸಿದ್ದು. ಸೋರಿದ ಡಬ್ಬಿಯನ್ನು ಬರಿಗೈಯಲ್ಲಿ ಮುಟ್ಟಬಾರದು, ಸುಡಲಂತೂ ಬಾರದು. ಮಿಲಿಟರಿ ಮೀಟರುಗಳ ಕತ್ತಲಲ್ಲಿ ಹೊಳೆಯುತ್ತಿದ್ದ ಬಣ್ಣ ಎಷ್ಟೋ ಬಾರಿ ರೇಡಿಯಂ. ಹೊಳಪು ಸತ್ತು ದಶಕಗಳಾದರೂ ವಿಕಿರಣ ಸತ್ತಿಲ್ಲ, ಅದರ ಅರ್ಧಾಯುಷ್ಯ 1,600 ವರ್ಷ. ಅಂಥ ಮೀಟರಿನ ಗಾಜು ತೆಗೆಯುವುದು ಬೇಡ. ಹಲವು ಮೀಟರುಗಳನ್ನು ಮುಚ್ಚಿದ ಕೋಣೆಯಲ್ಲಿ ಕೂಡಿಹಾಕುವುದೂ ಬೇಡ, ಮಲಗುವ ಕೋಣೆಯಲ್ಲಂತೂ ಸರ್ವಥಾ ಬೇಡ.

ಇಷ್ಟಕ್ಕೆಲ್ಲ ಜಾಗವೂ ವ್ಯವಧಾನವೂ ಇಲ್ಲದವರು ಇರುತ್ತಾರೆ, ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಅಂಥವರು ರಾಶಿಯಲ್ಲಿ ತಮಗೆ ಬೇಕಾದ ಒಂದೆರಡನ್ನು ಇಟ್ಟುಕೊಂಡು ಉಳಿದದ್ದನ್ನು ಹ್ಯಾಮ್ ಕ್ಲಬ್ಬಿಗೋ ಇಂಜಿನಿಯರಿಂಗ್ ಕಾಲೇಜಿಗೋ ದುರಸ್ತಿ ಬಲ್ಲ ಎಳೆಯರಿಗೋ ಕೊಡಲಿ. ಕೊಡುವಾಗ ಒಳಗೆ ಪಾದರಸ, ಎಣ್ಣೆ, ರೇಡಿಯಂ ಏನೇನಿದೆ ಎಂದು ಒಂದು ಚೀಟಿಯಲ್ಲಿ ಕನ್ನಡದಲ್ಲೇ ಬರೆದು ಪೆಟ್ಟಿಗೆಗೆ ಅಂಟಿಸಲಿ. ಕೊಂಡೊಯ್ಯಲು ಬರುವವರಿಗೆ ಇಬ್ಬರಾಗಿ ಬನ್ನಿ ಎಂದು ಮೊದಲೇ ಹೇಳಿಬಿಡಲಿ.